ಮಂಡಿಚಿಪ್ಪು ಒಡೆದರೆ ಬರೀ ಕಟ್ಟು ಸಾಲದು

ಚನ್ನಪಟ್ಟಣದ ಬಳಿಯ, ರೇಷ್ಮೆ ಸಾಕುವ ನಮ್ಮ ಹೊಂಗನೂರಿನ ಕಡೆ ಯಾರಾದರೂ ಬೈಕಿನಿಂದ ಬಿದ್ದು ಮಂಡಿ ಊದಿಸಿಕೊಂಡರೆ ಮನೆಯಲ್ಲಿ ಮೊದಲು ಏಳುವ ಮಾತು, 'ಪುತ್ತೂರು ಕಟ್ಟು ಹಾಕಿಸಿಬಿಡೋಣ'. ಈ ಪುತ್ತೂರು ದಕ್ಷಿಣ ಕನ್ನಡದ್ದಲ್ಲ, ಆಂಧ್ರದ್ದು. ಬಿರುಕು ಬಿಟ್ಟ ಕೈಮೂಳೆ ನಾಟಿ ಕಟ್ಟಿನಲ್ಲೇ ಕೂಡಿಕೊಂಡವರು ಊರಿಗೆ ನಾಲ್ಕು ಜನ ಸಿಗುತ್ತಾರೆ, ಹಾಗಾಗಿ ಆ ನಂಬಿಕೆಯನ್ನು ನಾನು ಆಡಿಕೊಳ್ಳಲಾರೆ. ಆದರೆ ಮಂಡಿಚಿಪ್ಪಿನ ಲೆಕ್ಕವೇ ಬೇರೆ.

ಕೈಮೂಳೆ ಮುರಿದರೆ ಅಲುಗಾಡದಂತೆ ಹಿಡಿದಿಟ್ಟರೆ ಎಷ್ಟೋ ಸಲ ಸಾಕಾಗುತ್ತದೆ. ಮಂಡಿಚಿಪ್ಪು ಮಾತ್ರ ತೊಡೆಯ ಮುಂಭಾಗದ ದಪ್ಪ ಸ್ನಾಯುವಿನ ಹುರಿಯೊಳಗೆ ಕೂತಿರುವ ಮೂಳೆ. ಬಾವಿಯ ರಾಟೆಯ ಹಾಗೆ ಅದು ಹುರಿಯನ್ನು ಕೀಲಿನಿಂದ ಮುಂದಕ್ಕೆ ಎತ್ತಿ ಹಿಡಿಯುತ್ತದೆ. ಅದರಿಂದಲೇ ಮಡಿಸಿದ ಕಾಲನ್ನು ಕಡಿಮೆ ಶ್ರಮದಲ್ಲಿ ನೀಡಲು ಆಗುವುದು. ಚಿಪ್ಪು ಅಡ್ಡಕ್ಕೆ ಎರಡು ಹೋಳಾದರೆ ಮೇಲಿನ ಹೋಳನ್ನು ತೊಡೆ ತನ್ನತ್ತ ಎಳೆದುಕೊಳ್ಳುತ್ತದೆ, ಕೆಳಗಿನದು ಅಲ್ಲೇ ಉಳಿಯುತ್ತದೆ. ನಡುವೆ ಬೆರಳಿಟ್ಟರೆ ಹಳ್ಳ ಸಿಗುತ್ತದೆ. ಹೊರಗಿನಿಂದ ಎಷ್ಟು ಬಿಗಿದು ಕಟ್ಟಿದರೂ ಒಳಗಿನ ಈ ಎಳೆತ ನಿಲ್ಲುವುದಿಲ್ಲ. ಎಣ್ಣೆ ಹಚ್ಚಿ ನೀವಿದರಂತೂ ಊತ ಇನ್ನಷ್ಟು ಹೆಚ್ಚುತ್ತದೆ.

ಹಾಗಾಗಿ ಡಾಕ್ಟರು ಮೊದಲು ನೋಡುವುದು ಕಾಲು ಎತ್ತಲು ಆಗುತ್ತದೆಯೇ ಎಂಬುದನ್ನು. ಮಲಗಿಸಿ, ಮಂಡಿ ಮಡಿಸದೆ ಹಿಮ್ಮಡಿಯನ್ನು ಹಾಸಿಗೆಯಿಂದ ಮೇಲಕ್ಕೆತ್ತಲು ಹೇಳುತ್ತಾರೆ. ಎತ್ತಿದರೆ ಹುರಿ ಉಳಿದಿದೆ ಎಂದರ್ಥ. ಎತ್ತಲಾಗದಿದ್ದರೆ ಅದು ನೋವಿನಿಂದಲೂ ಇರಬಹುದು, ಹುರಿ ಹರಿದೂ ಇರಬಹುದು. ಎಕ್ಸ್‌ರೇ ಜೊತೆ ಸೇರಿಸಿ ತೀರ್ಮಾನಿಸುತ್ತಾರೆ. ಕೆಲವರಿಗೆ ಹುಟ್ಟಿನಿಂದಲೇ ಚಿಪ್ಪಿನ ಮೇಲಿನ ಹೊರಮೂಲೆಯಲ್ಲಿ ಬೇರೆ ತುಂಡೊಂದು ಇರುತ್ತದೆ. ಎಕ್ಸ್‌ರೇಯಲ್ಲಿ ಅದೂ ಮುರಿದ ಹಾಗೆಯೇ ಕಾಣುತ್ತದೆ, ಅದಕ್ಕೆ ಹೆದರಬೇಕಿಲ್ಲ.

ಬಿದ್ದ ಜಾಗದಲ್ಲಿ ಮಾಡಬೇಕಾದದ್ದು ಇಷ್ಟೇ. ಕಾಲನ್ನು ನೆಟ್ಟಗಿಟ್ಟು, ಮಂಡಿಯ ಹಿಂದೆ ಟವೆಲ್ ಸುತ್ತಿದ ಹಲಗೆಯನ್ನೋ ಬಿದಿರು ದಬ್ಬೆಯನ್ನೋ ಇಟ್ಟು ಹದವಾಗಿ ಕಟ್ಟಿ. ರೇಷ್ಮೆ ಸಾಕುವ ಮನೆಯಲ್ಲಿ ಬಿದಿರಿಗೇನು ಬರ? ಐಸನ್ನು ಬಟ್ಟೆಯಲ್ಲಿ ಸುತ್ತಿಯೇ ಇಡಿ. ಚರ್ಮ ಹರಿದು ರಕ್ತ ಬರುತ್ತಿದ್ದರೆ ಶುಭ್ರ ಬಟ್ಟೆ ಮುಚ್ಚಿ 108ಕ್ಕೆ ಕರೆ ಮಾಡಿ. ಕೀಲಿನೊಳಗೆ ಸೋಂಕು ಇಳಿಯುವ ಭಯವಿರುವುದರಿಂದ ಅದು ನಾಳೆಗೆ ತಳ್ಳುವ ಕೆಲಸವಲ್ಲ. ಆಪರೇಷನ್ ಬೇಕಾಗಬಹುದು, ಆದ್ದರಿಂದ ಡಾಕ್ಟರು ನೋಡುವ ತನಕ ಊಟ, ಕಾಫಿ ಕೊಡಬೇಡಿ.

ಹೋಳುಗಳು ಜರುಗದೆ, ಕಾಲು ಎತ್ತಲು ಬರುವಂತಿದ್ದರೆ ಆಪರೇಷನ್ ಬೇಡ. ಕಾಲು ನೆಟ್ಟಗಿರುವಂತೆ ಸಿಮೆಂಟ್ ಪಟ್ಟಿಯನ್ನೋ ಬ್ರೇಸನ್ನೋ ನಾಲ್ಕರಿಂದ ಆರು ವಾರ ಹಾಕುತ್ತಾರೆ, ಅದರಲ್ಲೇ ಊರುಗೋಲು ಹಿಡಿದು ಕಾಲೂರಿ ನಡೆಸುತ್ತಾರೆ. ಎರಡು ಮೂರು ಮಿಲಿಮೀಟರ್‌ಗಿಂತ ಹೆಚ್ಚು ಅಂತರ ಬಿದ್ದಿದ್ದರೆ ಸಾಮಾನ್ಯವಾಗಿ ಆಪರೇಷನ್ ಮಾಡಬೇಕಾಗುತ್ತದೆ.

ಚಿಪ್ಪನ್ನು ತಂತಿಯಿಂದ ಹೊಲಿಯುವುದು ಹೊಸದೇನಲ್ಲ. 1877ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಜೋಸೆಫ್ ಲಿಸ್ಟರ್ ಮಂಡಿ ತೆರೆದು ಬೆಳ್ಳಿ ತಂತಿಯಿಂದ ಚಿಪ್ಪು ಬಿಗಿದರು. ಕೀಲು ತೆರೆದರೆ ಕೀವಾಗಿ ಜೀವಕ್ಕೇ ಕುತ್ತು ಎನ್ನುತ್ತಿದ್ದ ಕಾಲ ಅದು. ಈಗ ಹೆಚ್ಚಾಗಿ ಎರಡು ಉಕ್ಕಿನ ಕಡ್ಡಿಗಳನ್ನು ಉದ್ದಕ್ಕೆ ತೂರಿಸಿ, ಮುಂಭಾಗದಲ್ಲಿ 8ರ ಆಕಾರದಲ್ಲಿ ತಂತಿ ಸುತ್ತುತ್ತಾರೆ. ಇದರ ಜಾಣ್ಮೆ ನನಗೆ ಬಲು ಇಷ್ಟ: ಮಂಡಿ ಮಡಿಸಿದಾಗ ಚಿಪ್ಪಿನ ಮುಂಭಾಗ ಬಾಯಿ ಬಿಡಲು ನೋಡುತ್ತದೆ, ತಂತಿ ಬಿಡುವುದಿಲ್ಲ. ಆಗ ಅದೇ ಎಳೆತ ಒಳಗಿನ ಕೀಲಿನ ಕಡೆ ಹೋಳುಗಳನ್ನು ಒಂದಕ್ಕೊಂದು ಒತ್ತುತ್ತದೆ. ಹೋಳುಗಳನ್ನು ಬೇರೆ ಮಾಡಿದ ತೊಡೆಯಿಂದಲೇ ಅವನ್ನು ಕೂಡಿಸುವ ಕೆಲಸ ತೆಗೆಯುವುದು! ತೀರಾ ಪುಡಿಯಾಗಿದ್ದರೆ ಪ್ಲೇಟು, ಸ್ಕ್ರೂ ಹಾಕುತ್ತಾರೆ. ಇಡೀ ಚಿಪ್ಪನ್ನು ತೆಗೆದುಹಾಕುವುದು ಈಗ ಕೊನೆಯ ದಾರಿ. ತೆಗೆದರೆ ಕಾಲಿನ ಬಲ ಚೆನ್ನಾಗಿಯೇ ಕುಗ್ಗುತ್ತದೆ.

ಆಪರೇಷನ್ ಆದಮೇಲೆ ಅರ್ಧ ಕೆಲಸ ಮನೆಯವರದು. ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಮಂಡಿಯಿಂದ ಅದನ್ನು ಹಾಸಿಗೆಗೆ ಒತ್ತುವುದು ಮೊದಲ ವ್ಯಾಯಾಮ. ಮಡಿಸುವುದನ್ನು ಡಾಕ್ಟರು ಹೇಳಿದಷ್ಟೇ ಡಿಗ್ರಿ, ಹೇಳಿದ ವಾರದಿಂದಲೇ ಶುರುಮಾಡಬೇಕು. 'ಪಾಪ, ನೋವು' ಎಂದು ಎರಡು ತಿಂಗಳು ಮಲಗಿಸಿದರೆ ಚಿಪ್ಪು ಕೂಡಿದರೂ ಮಂಡಿ ಮರಗಟ್ಟುತ್ತದೆ. ಮಂಡಿ ಚೆನ್ನಾಗಿ ಮಡಿಸಲು ಬರುವ ತನಕ ಕಮೋಡ್ ಕುರ್ಚಿಯೊಂದು ಬೇಕೇ ಬೇಕು. ಕುಕ್ಕರಗಾಲಿನಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕಿ ಮುದ್ದೆ ಉಣ್ಣುವುದು ಎಲ್ಲಕ್ಕಿಂತ ಕೊನೆಗೆ. ಕೆಲವರಿಗೆ ಮೊದಲಿನಷ್ಟು ಬಾರದೆಯೂ ಇರಬಹುದು.

ಖರ್ಚಿನ ಮಾತು. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯುಂಟು. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ಮೊದಲು ಚನ್ನಪಟ್ಟಣದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. ಬೆಂಗಳೂರಿಗೆ ಹೋಗಬೇಕಾದರೆ ಜಯನಗರದಲ್ಲಿ ಮೂಳೆ ಚಿಕಿತ್ಸೆಗೆಂದೇ ಇರುವ ಸಂಜಯ್ ಗಾಂಧಿ ಆಸ್ಪತ್ರೆಯಿದೆ.

ಮಂಡಿಯ ಮುಂದೆ ಚರ್ಮ ತೆಳು. ವರ್ಷ ಕಳೆದ ಮೇಲೆ ತಂತಿ ಚುಚ್ಚತೊಡಗಿ ತೆಗೆಸಬೇಕಾಗಿ ಬರುವುದು ಮಾಮೂಲು. ಆಗ ಡಾಕ್ಟರು ಮೊದಲು ಕೇಳುವುದೇ ಹಳೆಯ ಎಕ್ಸ್‌ರೇಯನ್ನು. ರೇಷ್ಮೆಗೂಡು ಮಾರಿದ ಚೀಟಿಗಳ ಜೊತೆಯಲ್ಲೇ ಅದನ್ನೂ ಜೋಪಾನವಾಗಿ ಇಟ್ಟಿರಿ.