ತಂತ್ರಾಂಶ ಪರೀಕ್ಷೆ: ಕಡತಗಳ ಅನುಮತಿ ಮತ್ತು ಉಳಿದುಹೋಗುವ ತಾತ್ಕಾಲಿಕ ಫೋಲ್ಡರುಗಳು

ಹೊಸ ಬಿಲ್ಲಿಂಗ್ ತಂತ್ರಾಂಶವನ್ನು ಮಾರಾಟಗಾರರ ತಂತ್ರಜ್ಞರು ಅಳವಡಿಸಿ, ನಾಲ್ಕಾರು ಮಾದರಿ ಬಿಲ್ಲುಗಳನ್ನು ಮುದ್ರಿಸಿ ತೋರಿಸಿ ಹೋಗುತ್ತಾರೆ. ಮರುದಿನ ಗುಮಾಸ್ತರು ತಮ್ಮ ಲಾಗಿನ್‌ನಲ್ಲಿ ಬಿಲ್ಲನ್ನು ಉಳಿಸಲು ಹೋದರೆ 'ಆಕ್ಸೆಸ್ ಈಸ್ ಡಿನೈಡ್' ಎಂಬ ಸೂಚನೆ ಬರುತ್ತದೆ. ತಂತ್ರಾಂಶವೇ ಕೆಟ್ಟದ್ದೆಂದು ದೂರುವುದು ವಾಡಿಕೆ. ದೋಷವಿರುವುದು ಸಾಮಾನ್ಯವಾಗಿ ಪರೀಕ್ಷೆಯ ಕ್ರಮದಲ್ಲಿ. ತಂತ್ರಜ್ಞರು ಅಡ್ಮಿನಿಸ್ಟ್ರೇಟರ್ ಅಧಿಕಾರದಿಂದ ಪರೀಕ್ಷಿಸಿರುತ್ತಾರೆ. ಗುಮಾಸ್ತರಿಗೆ ಆ ಅಧಿಕಾರವಿರುವುದಿಲ್ಲ.

ವಿಂಡೋಸ್‌ನಲ್ಲಿ 'ಪ್ರೋಗ್ರಾಂ ಫೈಲ್ಸ್' ಫೋಲ್ಡರನ್ನು ಸಾಮಾನ್ಯ ಬಳಕೆದಾರರು ಓದಬಹುದು, ಅದರಲ್ಲಿ ಬರೆಯುವಂತಿಲ್ಲ. ಹಳೆಯ ತಂತ್ರಾಂಶಗಳು ಲೆಕ್ಕದ ದತ್ತಾಂಶವನ್ನೂ ಅಲ್ಲಿಯೇ ಇಡುತ್ತವೆ. ಇದಕ್ಕಿಂತ ಅಪಾಯಕಾರಿಯಾದದ್ದು ಯಾವ ಸೂಚನೆಯೂ ಬಾರದ ಸಂದರ್ಭ. 2007ರಲ್ಲಿ ಮಾರುಕಟ್ಟೆಗೆ ಬಂದ ವಿಂಡೋಸ್ ವಿಸ್ತಾದಿಂದೀಚೆಗೆ, ಕೆಲವು ಹಳೆಯ 32 ಬಿಟ್ ತಂತ್ರಾಂಶಗಳು ಅಲ್ಲಿ ಬರೆಯಲು ಯತ್ನಿಸಿದಾಗ ವಿಂಡೋಸ್ ಆ ಕಡತವನ್ನು ಸದ್ದಿಲ್ಲದೆ ಆಯಾ ಬಳಕೆದಾರರ 'ವರ್ಚುಯಲ್ ಸ್ಟೋರ್' ಎಂಬ ಖಾಸಗಿ ಫೋಲ್ಡರಿಗೆ ತಿರುಗಿಸುತ್ತದೆ. ಒಂದೇ ಗಣಕಯಂತ್ರದಲ್ಲಿ ಇಬ್ಬರು ಗುಮಾಸ್ತರು ಬೇರೆ ಬೇರೆ ಲಾಗಿನ್‌ನಲ್ಲಿ ಕುಳಿತರೆ ಒಬ್ಬರು ಬರೆದ ಬಿಲ್ಲು ಇನ್ನೊಬ್ಬರಿಗೆ ಕಾಣದು. ಮೂಲ ಫೋಲ್ಡರಿನಿಂದ ತೆಗೆದ ಬ್ಯಾಕಪ್‌ನಲ್ಲಿ ಎರಡೂ ಇರುವುದಿಲ್ಲ. ತಿಂಗಳ ಕೊನೆಗೆ ಮಾರಾಟದ ಮೊತ್ತ ತಾಳೆಯಾಗದಿದ್ದಾಗಲೇ ಇದು ಬೆಳಕಿಗೆ ಬರುವುದು.

'ಎವ್ರಿಒನ್' ಗುಂಪಿಗೆ 'ಫುಲ್ ಕಂಟ್ರೋಲ್' ಕೊಟ್ಟುಬಿಡುವುದು ಅವಸರದ ಪರಿಹಾರ. ತಿಜೋರಿಯ ಬೀಗ ಗಟ್ಟಿಯೆಂದು ಬಾಗಿಲನ್ನೇ ತೆರೆದಿಟ್ಟಂತೆ! ದತ್ತಾಂಶಕ್ಕೆ ಪ್ರತ್ಯೇಕ ಫೋಲ್ಡರ್ ಮಾಡಿ, ಲೆಕ್ಕ ಬರೆಯುವವರ ಗುಂಪಿಗೆ ಮಾತ್ರ 'ಮಾಡಿಫೈ' ಅನುಮತಿ ಕೊಟ್ಟರೆ ಸಾಕು. ಇಲ್ಲೊಂದು ಸೂಕ್ಷ್ಮವಿದೆ. ಒಂದೇ ಡ್ರೈವ್‌ನೊಳಗೆ ಕಡತವನ್ನು ಕಟ್ ಮಾಡಿ ಸ್ಥಳಾಂತರಿಸಿದರೆ ಅದರ ಹಳೆಯ ಅನುಮತಿಗಳೇ ಉಳಿಯುತ್ತವೆ. ಕಾಪಿ ಮಾಡಿದರೆ ಹೊಸ ಫೋಲ್ಡರಿನ ಅನುಮತಿಗಳು ಬರುತ್ತವೆ. ಆದ್ದರಿಂದ ಕಾಪಿಯೇ ಲೇಸು.

ತಾತ್ಕಾಲಿಕ ಫೋಲ್ಡರುಗಳ ತೊಡಕೂ ಇದಕ್ಕೇ ಹೆಣೆದುಕೊಂಡಿದೆ. ತಂತ್ರಾಂಶವು ಕೆಲಸದ ನಡುವೆ 'ಟೆಂಪ್' ಫೋಲ್ಡರಿನಲ್ಲಿ ಕಡತಗಳನ್ನು ಸೃಷ್ಟಿಸಿ, ಮುಚ್ಚುವಾಗ ಅಳಿಸುತ್ತದೆ. ನಡುವೆ ವಿದ್ಯುತ್ ಹೋದರೆ ಅವು ಹಾಗೆಯೇ ಉಳಿಯುತ್ತವೆ. ಮುಂದಿನ ಪರೀಕ್ಷೆಯಲ್ಲಿ ತಂತ್ರಾಂಶವು ಹಳೆಯ ಕಡತವನ್ನೇ ಓದಿ ಸುಳ್ಳು ಫಲಿತಾಂಶ ಕೊಡಬಹುದು, ಇಲ್ಲವೇ 'ಕಡತ ಬಳಕೆಯಲ್ಲಿದೆ' ಎನ್ನಬಹುದು. ಅಡ್ಮಿನಿಸ್ಟ್ರೇಟರ್ ಲಾಗಿನ್‌ನ ಪರೀಕ್ಷೆಯಲ್ಲಿ ಹುಟ್ಟಿದ ಕಡತವನ್ನು ಗುಮಾಸ್ತರು ಅಳಿಸಲಾಗದೆಯೂ ಇರಬಹುದು. ಮೊದಲು ತಂತ್ರಾಂಶವನ್ನು ಮುಚ್ಚಬೇಕು. ಟಾಸ್ಕ್ ಮ್ಯಾನೇಜರ್‌ನಲ್ಲಿ ಅದು ಇನ್ನೂ ಓಡುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಬ್ಯಾಕಪ್ ತೆಗೆದ ನಂತರವೇ ಅಳಿಸಬೇಕು. ಕೆಲವು ತಂತ್ರಾಂಶಗಳು ಉಳಿಸದ ಕೆಲಸದ ಪ್ರತಿಯನ್ನು ಅಲ್ಲಿಯೇ ಇಟ್ಟಿರುತ್ತವೆ. ಪರೀಕ್ಷೆಗೆ ನಿಜವಾದ ಗ್ರಾಹಕರ ವಿವರಗಳನ್ನು ಬಳಸಿದ್ದರೆ ಆ ಬಿಲ್ಲುಗಳ ಪ್ರತಿಗಳೂ ಅಲ್ಲಿ ಉಳಿದಿರಬಹುದು. ಕಲ್ಪಿತ ಹೆಸರುಗಳೇ ಕ್ಷೇಮ.

ಕಂಪನಿಗಳು ಇನ್ನೊಂದನ್ನು ನೋಡಬೇಕು. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ದಾಖಲೆ ಇರಬೇಕು, ಅದನ್ನು ನಿಷ್ಕ್ರಿಯಗೊಳಿಸಲು ಆಗಕೂಡದು. ಆ ದಾಖಲೆಯ ಕಡತವು ಎಲ್ಲರೂ ಅಳಿಸಬಲ್ಲ ಫೋಲ್ಡರಿನಲ್ಲಿದ್ದರೆ ಲೆಕ್ಕ ಪರಿಶೋಧಕರು ಪ್ರಶ್ನಿಸುವುದು ಸಹಜ. ಗುಮಾಸ್ತರ ಲಾಗಿನ್‌ನಲ್ಲಿ ಒಂದು ಬಿಲ್ಲು ಬರೆದು, ತಿದ್ದಿ, ದಾಖಲೆ ಮೂಡಿತೇ ಎಂದು ಪರೀಕ್ಷಿಸಿದ ನಂತರವೇ ಮಾರಾಟಗಾರರ ಕೊನೆಯ ಕಂತನ್ನು ಪಾವತಿಸಬಹುದು.