ಬೋಟು ದಡದಲ್ಲಿರುವ ಎರಡು ತಿಂಗಳು

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಭಟ್ಕಳದ ಮಾವಿನಕುರ್ವೆ ಬಂದರಿನಲ್ಲಿ ಬೋಟುಗಳು ದಡ ಸೇರಿರುತ್ತವೆ. ವರ್ಷವೆಲ್ಲ ಕಡಲ ಮೇಲಿರುವ ಹುಡುಗರು ಬಲೆ ರಿಪೇರಿ ಮಾಡುತ್ತ ಊರಲ್ಲೇ ಸಿಗುತ್ತಾರೆ. ಸ್ಟೆಮ್ ಸೆಲ್ ದಾನಿಗಳ ನೋಂದಣಿ ಶಿಬಿರಕ್ಕೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ.

ರಕ್ತದ ಕ್ಯಾನ್ಸರ್, ಥಲಸ್ಸೀಮಿಯಾ, ಅಪ್ಲಾಸ್ಟಿಕ್ ಅನೀಮಿಯಾ ಬಂದ ಅನೇಕರು ಬದುಕಲು ಆರೋಗ್ಯವಂತರೊಬ್ಬರ ಸ್ಟೆಮ್ ಸೆಲ್ (ರಕ್ತಕಣಗಳನ್ನು ಹುಟ್ಟಿಸುವ ಮೂಲಕೋಶ) ಬೇಕು. ಇಲ್ಲಿ ನೋಡುವುದು ರಕ್ತದ ಗುಂಪನ್ನಲ್ಲ, ಎಚ್‌ಎಲ್‌ಎ ಎಂಬ ಅಂಗಾಂಶದ ಗುರುತನ್ನು. ಒಡಹುಟ್ಟಿದವರದೂ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು ಪಾಲು. ಮನೆಯಲ್ಲಿ ಹೊಂದುವವರು ಸಿಗದ ರೋಗಿಗಳಲ್ಲಿ ಅನೇಕರು ಗುರುತು ಪರಿಚಯವಿಲ್ಲದ ದಾನಿಗಾಗಿ ಕಾಯಬೇಕು. ಜಗತ್ತಿನ ದಾನಿಗಳ ಪಟ್ಟಿಗಳಲ್ಲಿ 4 ಕೋಟಿಗೂ ಹೆಚ್ಚು ಹೆಸರುಗಳಿವೆ, ನಿಜ. ಆದರೆ ಈ ಗುರುತು ವಂಶದಿಂದ ಬರುವಂಥದ್ದು. ಮೊಗೇರ, ಖಾರ್ವಿ, ನಾಮಧಾರಿ, ಹವ್ಯಕ, ನವಾಯತ, ಹಾಲಕ್ಕಿ ಎಂದು ತಲೆತಲಾಂತರದಿಂದ ತಮ್ಮೊಳಗೇ ಹೆಣ್ಣು ಕೊಟ್ಟು ತಂದುಕೊಂಡ ಕರಾವಳಿ ನಮ್ಮದು. ಹಾಲಕ್ಕಿ ಮಗುವೊಂದಕ್ಕೆ ಹೊಂದುವವರು ಜರ್ಮನಿಗಿಂತ ಇಲ್ಲಿನ ಹಾಲಕ್ಕಿ ಕೇರಿಗಳಾದ ಕೊಪ್ಪಗಳಲ್ಲೇ ಇರುವ ಸಂಭವ ಹೆಚ್ಚು. ಆದರೆ ಕೊಪ್ಪದವರ ಹೆಸರು ಪಟ್ಟಿಯಲ್ಲಿರಬೇಕಲ್ಲ!

2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ಗೇಟಿನಲ್ಲಿ ಪಲ್ಟಿಯಾದ ಮೇಲೆ, ನಮ್ಮ ಉತ್ತರ ಕನ್ನಡ ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಇನ್ನಷ್ಟು ಜೋರಾಯಿತು. ಆಸ್ಪತ್ರೆಯನ್ನು ಸರ್ಕಾರ ಕಟ್ಟಬೇಕು. ದಾನಿಗಳ ಪಟ್ಟಿಯನ್ನು ಮಾತ್ರ ನಾವೇ ತುಂಬಬೇಕು.

ಬೆಂಗಳೂರಿನ ಡಿಕೆಎಂಎಸ್ ಫೌಂಡೇಶನ್ ಇಂಡಿಯಾ, 2009ರಲ್ಲಿ ಚೆನ್ನೈನಲ್ಲಿ ಶುರುವಾದ ದಾತ್ರಿ ಸಂಸ್ಥೆಗಳು ನೋಂದಣಿ ಮಾಡಿಕೊಳ್ಳುತ್ತವೆ. 18 ತುಂಬಿದ, ಆಯಾ ಸಂಸ್ಥೆಯ ವಯೋಮಿತಿ ದಾಟದ ಆರೋಗ್ಯವಂತರು ಸೇರಬಹುದು. ಹತ್ತಿಯ ಕಡ್ಡಿಯನ್ನು ಕೆನ್ನೆಯ ಒಳಬದಿಗೆ ಉಜ್ಜಿ ಲಕೋಟೆಗೆ ಹಾಕಿದರೆ ಆ ದಿನದ ಕೆಲಸ ಮುಗಿಯಿತು. ಹೆಚ್ಚಿನವರಿಗೆ ಮುಂದೆ ಕರೆಯೇ ಬರುವುದಿಲ್ಲ. ಬಂದರೆ ನಾಲ್ಕೈದು ದಿನ ಚುಚ್ಚುಮದ್ದು. ಮೈಕೈ ನೋವು, ತಲೆನೋವು ಬರಬಹುದು. ಆಮೇಲೆ ಒಂದು ತೋಳಿನ ರಕ್ತ ಯಂತ್ರದೊಳಗೆ ಹಾದು, ಸ್ಟೆಮ್ ಸೆಲ್ ಚೀಲದಲ್ಲಿ ಉಳಿದು, ಮಿಕ್ಕ ರಕ್ತ ಇನ್ನೊಂದು ತೋಳಿಗೆ ವಾಪಸಾಗುತ್ತದೆ. ನಾಲ್ಕೈದು ತಾಸಿನ ಕೆಲಸ. ಕೆಲವೊಮ್ಮೆ ಅರಿವಳಿಕೆ ಕೊಟ್ಟು ಸೊಂಟದ ಎಲುಬಿನಿಂದ ತೆಗೆಯುವುದುಂಟು. ಬೆನ್ನುಹುರಿಯನ್ನು ಯಾರೂ ಮುಟ್ಟುವುದಿಲ್ಲ. ಕೊಟ್ಟದ್ದು ಕೆಲವೇ ವಾರಗಳಲ್ಲಿ ದೇಹದಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ದಾನಿಗೆ ಖರ್ಚಿಲ್ಲ.

ನನಗಿರುವ ಭಯ ಬೇರೆ: ಹೊಂದಾಣಿಕೆಯಾದ ಮೇಲೆ ಹಿಂದೆ ಸರಿಯುವುದು. ಕಸಿಗೆ ಮುಂಚೆ ಕಟುವಾದ ಕೀಮೋ ಕೊಟ್ಟು ರೋಗಿಯ ಅಸ್ಥಿಮಜ್ಜೆಯನ್ನೇ ನಾಶಮಾಡಿರುತ್ತಾರೆ. ಆ ಹಂತದಲ್ಲಿ ದಾನಿ ಒಲ್ಲೆ ಎಂದರೆ ಆ ಜೀವ ಉಳಿಯುವುದೇ ಕಷ್ಟ. ಹುಡುಗ ಒಪ್ಪಿದರೂ ಮನೆಯವರು ಹೆದರಿ ತಡೆಯುವುದುಂಟು. ಆದ್ದರಿಂದ ಮಾವಿನಕುರ್ವೆಯಲ್ಲಿ ಶಿಬಿರ ನಡೆದರೆ ಆಯಿಯನ್ನೋ ಹೆಂಡತಿಯನ್ನೋ ಜೊತೆಗೇ ಕರೆತನ್ನಿ. ಅವರು ಕೇಳುವ ಪ್ರಶ್ನೆಗಳಿಗೆಲ್ಲ ಅಲ್ಲೇ, ವೈದ್ಯರ ಬಾಯಿಂದಲೇ ಉತ್ತರ ಸಿಗಲಿ. ಕಡ್ಡಿ ಕೆನ್ನೆಗೆ ತಾಗುವುದು ಆಮೇಲೆ.