ಸಿಇಟಿ: ಪ್ರಶ್ನೆಗೆ ಎಪ್ಪತ್ತೇ ಸೆಕೆಂಡ್!

‘ಎಲ್ಲ ಗೊತ್ತಿತ್ತು, ಹೊತ್ತು ಸಾಲಲಿಲ್ಲ’– ಸಿಇಟಿ ಮುಗಿಸಿ ಹೊರಬರುವ ಅನೇಕರ ಅಳಲು ಇದು. 1994ರಲ್ಲಿ ರಾಜ್ಯದಲ್ಲಿ ಆರಂಭವಾದ ಈ ಪರೀಕ್ಷೆಯಲ್ಲಿ ಓದಿನಷ್ಟೇ ಗಡಿಯಾರಕ್ಕೂ ಬೆಲೆ.

ಪ್ರತಿ ವಿಷಯಕ್ಕೆ 60 ಪ್ರಶ್ನೆ, 60 ಅಂಕ. ಅವಧಿ 80 ನಿಮಿಷವಾದರೂ 2023ರ ಪ್ರಶ್ನೆಪುಸ್ತಿಕೆಯ ಪ್ರಕಾರ ಉತ್ತರಿಸಲು ಇದ್ದದ್ದು 70 ನಿಮಿಷ. ಅಂದರೆ ಪ್ರಶ್ನೆಗೆ 70 ಸೆಕೆಂಡ್. ಜೀವಶಾಸ್ತ್ರದ ನೇರ ಪ್ರಶ್ನೆಗೆ ಅದರ ಅರ್ಧ ಸಾಕು. ಗಣಿತದ ಅನುಕಲನಕ್ಕೆ ಎರಡು ನಿಮಿಷವೂ ಸಾಲದಿರಬಹುದು. ಅಂಕ ಮಾತ್ರ ಎರಡಕ್ಕೂ ಒಂದೇ!

ಹಾಗಾಗಿ ಮೂರು ಸುತ್ತಿನ ಕ್ರಮ ಒಳ್ಳೆಯದು. ಮೊದಲ 40 ನಿಮಿಷ ಸುಲಭದವು. ಮುಂದಿನ 20 ನಿಮಿಷ ಲೆಕ್ಕ ಬೇಡುವವು. ಕೊನೆಯ ಹತ್ತು ನಿಮಿಷ ಉಳಿದವು. ತಪ್ಪಿಗೆ ಅಂಕ ಕಳೆಯುವುದಿಲ್ಲವಾದ್ದರಿಂದ ಯಾವುದನ್ನೂ ಖಾಲಿ ಬಿಡಬಾರದು. ನಾಲ್ಕು ಆಯ್ಕೆಗಳಲ್ಲಿ ಎರಡನ್ನು ತಳ್ಳಿಹಾಕಿದರೆ ಊಹೆಗೂ ಅರ್ಧ ಅವಕಾಶವಿದೆ. ‘ನೀಟ್’ನಲ್ಲಿ ಈ ಧೈರ್ಯ ಸಲ್ಲದು, ಅಲ್ಲಿ ತಪ್ಪಿಗೆ ಒಂದು ಅಂಕ ಖೋತಾ.

ಓಎಂಆರ್ ಹಾಳೆಯನ್ನು ಕೊನೆಗೆ ತುಂಬೋಣವೆಂದು ಬಿಡುವುದು ಅಪಾಯ. ಪ್ರಶ್ನೆ ಬಿಟ್ಟು ಮುಂದೆ ಹೋದಾಗ ಪ್ರಶ್ನೆಸಂಖ್ಯೆ ನೋಡಿಯೇ ವೃತ್ತ ತುಂಬಬೇಕು. ಒಂದು ಸಾಲು ತಪ್ಪಿದರೆ ಮುಂದಿನವೆಲ್ಲ ತಪ್ಪು. ಬಾಲ್‌ಪೆನ್ನಿನ ಗುರುತು ಅಳಿಸಲಾಗದು.

ಪೋಷಕರಿಗೂ ಕೆಲಸವಿದೆ. ಮನೆಯಲ್ಲಿ ಹಳೆಯ ಪ್ರಶ್ನೆಪತ್ರಿಕೆ ಕೊಟ್ಟು ಗಡಿಯಾರ ಹಿಡಿದು ಬರೆಸಬಹುದು. ಆದರೆ ಪರೀಕ್ಷೆಯ ದಿನ ಬೆಳಗಿನ ಪತ್ರಿಕೆ ಮುಗಿಸಿ ಬಂದವರನ್ನು ‘ಎಷ್ಟು ಸರಿ?’ ಎಂದು ಕೆದಕದಿರುವುದೇ ಲೇಸು. ಮಧ್ಯಾಹ್ನ ಇನ್ನೊಂದು ಪತ್ರಿಕೆ ಕಾದಿರುತ್ತದೆ.